ಐದಾಳು ನೀರಿನ ತಳದ ಕರಡಿಗೆ

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾರ್ಗಶಿರ. ಖಾನಾಪುರದ ಸುತ್ತ ಭತ್ತದ ರಾಶಿ ನಡೆದಿತ್ತು. ಗುರುಪಾದಪ್ಪಜ್ಜನ ಕಣದಲ್ಲಿ ಮಂಜು ಕರಗುವ ಮೊದಲೇ ಎತ್ತುಗಳು ತುಳಿಯತೊಡಗಿದ್ದವು. ಹೊಟ್ಟಿನ ಧೂಳು ಮಂಜಿನಲ್ಲಿ ಬೆರೆತು ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತಿತ್ತು.

ಮುಖ ತೊಳೆಯಲು ಅಜ್ಜ ಬಾವಿಕಟ್ಟೆಗೆ ಬಗ್ಗಿದ. ಕೊರಳಿನ ಹಳೆಯ ಶಿವದಾರ ಹರಿಯಿತು. ಬೆಳ್ಳಿಯ ಕರಡಿಗೆ, ಒಳಗಿನ ಇಷ್ಟಲಿಂಗದೊಡನೆ, ಒಮ್ಮೆ ಮಿನುಗಿ ಐದಾಳು ಆಳದ ನೀರಿಗೆ ಬಿತ್ತು.

ಲಿಂಗ ಮೈಮೇಲಿಲ್ಲದೆ ಅಜ್ಜ ಉಣ್ಣುವವನಲ್ಲ. ಪಾತಾಳಗರಡಿಯ ಕೊಕ್ಕೆಗೆ ಕೊಡ ಸಿಕ್ಕೀತು, ಅಂಗೈಯಗಲದ ಕರಡಿಗೆ ಸಿಗುವುದೆಲ್ಲಿ? ಸೊಸೆ ಶಿವಬಸವ್ವ ಚಾಂದಸಾಬನಿಗೆ ಹೇಳಿ ಕಳಿಸಿದಳು. ಸಣ್ಣವನಿದ್ದಾಗ ಬೆಳಗಾವಿ ಕೋಟೆಯ ಕಂದಕದಲ್ಲಿ ಈಜು ಕಲಿತವನು. ಬಾವಿಗೆ ಬಿದ್ದದ್ದನ್ನು ಉಸಿರು ಕಟ್ಟಿ ಮುಳುಗಿ ತರುವುದೇ ಅವನ ಕಸುಬು.

ಅವನು ಬಂದಾಗ ಮೂಗು ಕಟ್ಟಿತ್ತು. ವಾರದಿಂದ ನೆಗಡಿ.

"ಚಾಂದಸಾಬಣ್ಣಾ, ಮೂಗಿನಾಗ ಮಾತಾಡಾಕ ಹತ್ತೀಯಲ್ಲೋ," ಎಂದಳು ಶಿವಬಸವ್ವ.

"ಏನಾಗಂಗಿಲ್ಲ ತಗೋರಿ ಅಕ್ಕಾರ. ತಪಕೀರ ಏರಿಸಿದ್ರ ದಾರಿ ಬಿಡತೈತಿ."

ಒಂದು ಚಿಟಿಕೆ ತಪಕೀರು, ಹೊಗೆಸೊಪ್ಪಿನ ನಶ್ಯ, ಮೂಗಿಗೆ ಏರಿಸಿ ನಾಲ್ಕು ಸಲ ಸೀನಿದ. ಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ಎರಡೂ ಕಿವಿಗೆ ತುರುಕಿದ. ಅವನ ಅಪ್ಪನೂ ಹೀಗೇ ಮಾಡುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿಯನ್ನು ಶಿವಬಸವ್ವನ ಗಂಡನ ಕೈಗೆ ಕೊಟ್ಟು ಇಳಿದ.

ಎರಡಾಳು ಕೆಳಗೆ ಹೋಗುವಷ್ಟರಲ್ಲಿ ಹುಬ್ಬಿನ ಮೇಲೆ ಯಾರೋ ಮೊಳೆ ಹೊಡೆದಂತಾಯಿತು. ಹಲ್ಲು ಕಚ್ಚಿ ಇನ್ನೊಂದಾಳು ಇಳಿದ. ಹಸಿರು ನೀರು ಒಮ್ಮೆಲೇ ಕಪ್ಪಾಯಿತು. ಹಗ್ಗ ಜಗ್ಗಿದ. ಮೇಲೆ ಎಳೆದಾಗ ಮೂಗಿನಿಂದ ಸಿಂಬಳದ ಜೊತೆ ರಕ್ತ ಇಳಿಯುತ್ತಿತ್ತು.

ಆ ಓಣಿಗೆ ಕೂಸುಗಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸ್ ಅನ್ವರಿ ಓಡಿ ಬಂದಳು. ಚಾಂದಸಾಬನ ಅಣ್ಣನ ಮಗಳು ಆಕೆ.

"ಚಾಚಾ, ಕಿವ್ಯಾಗ ಏನದು?"

"ಅರಳಿ. ನೀರು ಹೋಗಬಾರ್ದಂತ."

"ನೀರಿನ ಒತ್ತಡಕ್ಕ ಅದು ಕಿವೀ ಪರದೀಗೆ ಹೋಗಿ ಬಡೀತೈತಿ. ತಗೀ ಮೊದಲ! ಯಾವತ್ತೂ ಹಾಕಬ್ಯಾಡ."

"ನೀ ಹುಟ್ಟೂಕಿಂತ ಮೊದಲಿಂದ ಮುಳಗತೀನಿ, ಬೇಟಿ."

"ಮುಳುಗೂದು ನಿನಗ ಬರತೈತಿ. ಮೂಗಿಗೆ ಗೊತ್ತಿಲ್ಲಲ್ಲ." ಅನ್ವರಿ ಅವನ ಹಣೆ ಮುಟ್ಟಿದಳು. "ಇಲ್ಲಿ ಎಲವಿನೊಳಗ ಸಣ್ಣ ಸಣ್ಣ ಖೋಲಿ ಅದಾವ. ಅವುಕ್ಕ ಬಾಗಲಾ ಇರೂದು ಮೂಗಿನಾಗ. ಸಿಂಬಳ ಬಾಗಲಾ ಮುಚ್ಚಿದ್ರ ಒಳಗ ಗಾಳಿ ಹೋಗಂಗಿಲ್ಲ. ಕೆಳಗ ಹೋದಂಗ ನೀರು ಒತ್ತತೈತಿ. ಆವಾಗ ಖೋಲಿ ಗ್ವಾಡಿ ರಕ್ತ ಕಾರತಾವ. ತಪಕೀರಿಗೆ ಮೂಗಿನ ಒಳಮೈ ಇನ್ನೂ ಬಾತಕೊಳ್ಳತೈತಿ."

"ಹಂಗಾರ ಮೂಗಿನಾಗ ಬಿಡೂ ಔಷಧ ಕೊಡು. ಈಗ ಇಳೀತೀನಿ."

"ಅದರ ಕಸುವು ತಳದಾಗ ಇಳಿದ್ರ? ಏರೂ ಮುಂದ ಗಾಳಿ ಒಳಗ ಸಿಕ್ಕೊಂಡು ಮತ್ತ ನೋವು. ನೀ ಎಚ್ಚರ ತಪ್ಪಿದ್ರ ಪಾತಾಳಗರಡಿ ನಿನಗ ಹಾಕಬೇಕಾಗತೈತಿ. ಕಡಿಮೀ ಅಂದ್ರ ಎಂಟು ದಿನ ನೀರಿಗೆ ಇಳಿಯೂ ಹಂಗಿಲ್ಲ."

"ಎಂಟು ದಿನ! ಅಜ್ಜಾರು ಉಪವಾಸ ಕುಂತಾರಲ್ಲ!"

ಅಜ್ಜ ಕಟ್ಟೆಯ ಮೇಲೆ ಬಿದ್ದಿದ್ದ ರಕ್ತದ ಹನಿಗಳನ್ನು ನೋಡುತ್ತ ಕುಳಿತಿದ್ದ.

"ಐವತ್ತು ವರ್ಷ ನನ್ನ ಎದಿ ಮ್ಯಾಲಿತ್ತು," ಎಂದ ನಿಧಾನವಾಗಿ. "ಎಂಟು ದಿನ ನೀರಾಗ ಇರ್ಲಿ. ನಿನ್ನ ರಕ್ತ ಹರಿಸಿ ತಂದ್ರ ನಾ ಅದಕ್ಕ ಹೆಂಗ ಕೈ ಮುಗೀಲಿ? ಕಾಯೂಣು."

ಅನ್ವರಿ ಅಜ್ಜನನ್ನೂ ಬಿಡಲಿಲ್ಲ. ಮಠದ ಅಯ್ಯನವರನ್ನು ಕರೆಸಿ ಹೇಳಿಸಿ, ಹಾಲು, ಹಣ್ಣು, ಬೆಲ್ಲದ ನೀರಿಗೆ ಒಪ್ಪಿಸಿದಳು.

ಚಾಂದಸಾಬ ತಪಕೀರಿನ ಡಬ್ಬಿ ಒಲೆಗೆ ಹಾಕಿದ. ದಿನಕ್ಕೆರಡು ಸಲ ಬಿಸಿನೀರಿನ ಹಬೆ ತೆಗೆದುಕೊಂಡ. ರಕ್ತ ನಿಂತ ಮೇಲೆ, ಕುದಿಸಿ ಆರಿಸಿದ ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೂಗು ತೊಳೆದುಕೊಂಡ. ಮೂಗನ್ನು ಜೋರಾಗಿ ಸೀಟಲಿಲ್ಲ, ಕಣದ ಧೂಳಿಗೆ ಹೋಗಲಿಲ್ಲ. ಮಧ್ಯಾಹ್ನ ಬಾವಿಕಟ್ಟೆಗೆ ಬಂದು ಅಜ್ಜನ ಬಾಜೂ ಕೂಡುತ್ತಿದ್ದ. ಒಬ್ಬನಿಗೆ ಊಟವಿಲ್ಲ, ಒಬ್ಬನಿಗೆ ಉಸಿರಿಲ್ಲ. ಕೆಳಗೆ ನೀರಿನ ಮೇಲೆ ಹೊಟ್ಟು ತೇಲುತ್ತಿತ್ತು. ಬಿಸಿಲು ಅದರ ಸಂದಿಯಿಂದ ಒಳಗೆ ಇಳಿದು ಎಲ್ಲಿಯೋ ಕರಗುತ್ತಿತ್ತು.

"ತಳದಾಗ ಹೆಂಗಿರತೈತೋ?" ಎಂದು ಅಜ್ಜ ಒಂದು ದಿನ ಕೇಳಿದ.

"ಸಪ್ಪಳ ಇರಂಗಿಲ್ರೀ ಅಜ್ಜಾರ. ನಮ್ಮ ಎದಿ ಬಡಿಯೂದು ನಮಗ ಕೇಳತೈತಿ."

"ಹಂಗಾರ ಅದಕ್ಕ ಅಲ್ಲಿ ಬ್ಯಾಸರ ಆಗಂಗಿಲ್ಲ ಬಿಡು," ಎಂದು ಅಜ್ಜ ಕಣ್ಣು ಮುಚ್ಚಿ ಕುಳಿತ.

ಏಳನೆಯ ದಿನ ಅನ್ವರಿ ಚಾಚಾನನ್ನು ಬೆಳಗಾವಿಯ ಹಿಂದವಾಡಿಗೆ ಕರೆದೊಯ್ದು ಕಿವಿ-ಮೂಗಿನ ಡಾಕ್ಟರಿಗೆ ತೋರಿಸಿದಳು. ಎಲ್ಲ ತಿಳಿಯಾಗಿತ್ತು.

ಒಂಬತ್ತನೆಯ ಬೆಳಿಗ್ಗೆ ಚಾಂದಸಾಬ ಕಟ್ಟೆಯ ಮೇಲೆ ನಿಂತು ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಿ ನೋಡಿದ. ಎರಡೂ ಕಿವಿ ಟಪ್ಪೆಂದವು. ನೋವಿಲ್ಲ. ಅರಳೆ ಹಾಕಲಿಲ್ಲ. ಹಗ್ಗವನ್ನು ಶಿವಬಸವ್ವನ ಗಂಡ ಹಿಡಿದ.

ಈ ಸಲ ಅವಸರವಿರಲಿಲ್ಲ. ಕಿವಿಯಲ್ಲಿ ನೋವು ಹುಟ್ಟುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಒತ್ತುತ್ತ ಇಳಿದ. ನೀರು ಹಸಿರಾಯಿತು, ಆಮೇಲೆ ಸಂಜೆಯ ಬಣ್ಣವಾಯಿತು. ಎದೆಯ ಬಡಿತ ಕೇಳಿಸಿತು. ತಳದ ಮೆತ್ತನೆಯ ರಾಡಿಯಲ್ಲಿ ಬೆರಳಾಡಿಸಿದ. ತಣ್ಣನೆಯ ದುಂಡನೆಯದೊಂದು ಕೈಗೆ ಬಂತು.

ಅಜ್ಜ ಕರಡಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಶಿವಬಸವ್ವ ಪೂಜೆಗೆ ಅಣಿ ಮಾಡಿದಳು, ಅನ್ನದ ಗಡಿಗೆ ಒಲೆಗೇರಿಸಿದಳು. ಆಮೇಲೆ ಚಾಂದಸಾಬನ ಕೂಲಿ ತಂದಳು. ಅವನು ಕೈ ಹಿಂದೆ ಕಟ್ಟಿಕೊಂಡ.

"ಅಜ್ಜಾರು ನನ್ನ ಮೂಗಿನ ಸಲುವಾಗಿ ಎಂಟು ದಿನ ಹಸಕೊಂಡು ಕುಂತಾರ. ಆ ಬಾಕಿ ನನ್ನ ಮ್ಯಾಲಿತ್ತು, ಅಕ್ಕಾರ. ಇವತ್ತ ತೀರತು. ಉಣ್ಣಾಕ ಮಾತ್ರ ನೀಡ್ರಿ."

ಬಾವಿಗೆ, ಹೊಳೆಗೆ ಮುಳುಗುವ ಅಣ್ಣಂದಿರೇ, ನೆಗಡಿ ಇದ್ದಾಗ ಇಳಿಯಬೇಡಿ. ಕಿವಿಗೆ ಅರಳೆ ಬೇಡ, ಮೂಗಿಗೆ ತಪಕೀರು ಬೇಡ. ಹಣೆಯಲ್ಲಿ, ಕಿವಿಯಲ್ಲಿ ನೋವು ಕಂಡರೆ ಅಲ್ಲಿಂದಲೇ ಹಿಂದಿರುಗಿ. ರಕ್ತ ಕಂಡರೆ ದವಾಖಾನೆಗೆ ಹೋಗಿ. ಮೇಲೆ ಹಗ್ಗ ಹಿಡಿಯುವವರಿಲ್ಲದೆ ಎಂದೂ ಮುಳುಗಬೇಡಿ. ಮುಳುಗಲು ಕರೆಯುವ ಮನೆಯವರೇ, ಮೊದಲು ಮುಳುಗುವವನ ಮೂಗು ಕಟ್ಟಿಲ್ಲ ತಾನೇ ಎಂದು ಕೇಳಿ. ತಳಕ್ಕೆ ಬಿದ್ದ ವಸ್ತು ಎಂಟು ದಿನ ಕಾಯುತ್ತದೆ. ನೀವೂ ಕಾಯಿರಿ.