ಕೊನೆಯ ಚೌಕ

ಕೋಳಿಮರಿ ಹ್ಯಾಚರಿಯ ಗೋಡೆಯ ಮೇಲೆ, ಕಾವು ಯಂತ್ರದ ಪಕ್ಕದಲ್ಲೇ, ಅಪ್ಪ ಬರೆದ ಚೌಕ-ಬಾಣಗಳ ಫ್ಲೋಚಾರ್ಟ್ ಇತ್ತು. ಮೂವತ್ತು ವರ್ಷ ಅಲ್ಲಿ ಮೆಕ್ಯಾನಿಕ್ ಆಗಿದ್ದವನು, ನಿವೃತ್ತಿಯ ದಿನ ಮಾಲೀಕರ ಕಾಟ ತಾಳಲಾರದೆ ತನಗೆ ಗೊತ್ತಿದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ ಹೋಗಿದ್ದ.

ಈಗ ಆ ಕೆಲಸ ಮಗಳದು. ಸೇರಿ ಹನ್ನೊಂದು ದಿನವಾಗಿತ್ತು. "ಮನೇಲೇ ಮೇಸ್ತ್ರಿ ಇದ್ದಾರಲ್ಲ, ಗೊತ್ತಾಗದಿದ್ರೆ ಕೇಳ್ಕೋತೀಯ" ಎಂದೇ ಮಾಲೀಕರು ಅವಳನ್ನು ತೆಗೆದುಕೊಂಡಿದ್ದರು. ಅಪ್ಪನ ನೆನಪು ಕೈಕೊಟ್ಟು ವರ್ಷವಾಯಿತೆಂದು ಅವಳು ಬಾಯಿ ಬಿಡಲಿಲ್ಲ. ಮನೆ ನಡೆಯಬೇಕಿತ್ತಲ್ಲ.

ಬೆಳಿಗ್ಗೆಯಿಂದ ಯಂತ್ರದ ಬಿಸಿ ಇಳಿಯುತ್ತಲೇ ಇತ್ತು. ಒಳಗೆ ನಾಲ್ಕು ಸಾವಿರ ಮೊಟ್ಟೆ, ಮರಿಗಳು ಹೊರಬರಲು ಮೂರೇ ದಿನ. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಅಷ್ಟೂ ಚಿಪ್ಪಿನೊಳಗೇ ಸಾಯುತ್ತವೆ. ಅವಳ ಕೆಲಸವೂ ಅವುಗಳ ಜೊತೆಗೇ ಹೋಗುತ್ತದೆ.

ಹಾಳೆಯ ಮೇಲೆ ಬೆರಳಿಟ್ಟು ಬಾಣಗಳ ದಾರಿ ಹಿಡಿದು ಹೊರಟಳು. ಫ್ಯಾನ್ ತಿರುಗುತ್ತಿದೆಯೇ? ಹೌದು. ಫ್ಯೂಸ್ ಸರಿಯಿದೆಯೇ? ಹೌದು. ಬಾಗಿಲು ಬಿಗಿಯಾಗಿದೆಯೇ? ಅದೂ ಹೌದು. ಹೇಗೆ ಸುತ್ತಿದರೂ ಬಾಣಗಳೆಲ್ಲ ಬಂದು ಬೀಳುತ್ತಿದ್ದುದು ಕೆಳಗಿನ ಒಂದೇ ಚೌಕಕ್ಕೆ: 'ಇಷ್ಟಕ್ಕೂ ಆಗಲಿಲ್ಲವೇ? ದೊಡ್ಡ ಮೇಸ್ತ್ರಿಯನ್ನು ಕೇಳಿ.' ಆ ದೊಡ್ಡ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅಪ್ಪನೇ. ತಾನಿಲ್ಲದೆ ಇಲ್ಲಿ ಒಂದು ನಟ್ಟೂ ತಿರುಗಬಾರದೆಂಬ ಜಂಭ! ಅವಳಿಗೆ ಸಿಟ್ಟು ನೆತ್ತಿಗೇರಿತು. ಹಾಳೆಯನ್ನು ಕಿತ್ತುಕೊಂಡು ಮನೆಗೆ ಓಡಿದಳು.

ಅಪ್ಪ ಕಿಟಕಿಯ ಬಳಿ ಕುಳಿತು ಅಂಗಿಯ ಗುಂಡಿ ಹಾಕುತ್ತ, ಬಿಚ್ಚುತ್ತ ಇದ್ದ. ಹಾಳೆಯನ್ನು ಅವನ ತೊಡೆಯ ಮೇಲೆ ಹರಡಿದಳು. "ಅಪ್ಪಾ, ಬಿಸಿ ಇಳೀತಿದೆ. ಎಲ್ಲಾ ನೋಡಿದೆ. ಇನ್ನೇನು ಮಾಡ್ಲಿ?"

ಅಪ್ಪನ ಬೆರಳು ಮೇಲಿನ ಚೌಕದ ಮೇಲೆ ಕೂತಿತು. "ಫ್ಯಾನು," ಎಂದ. ಬೆರಳು ತಪ್ಪದೆ ಬಾಣದ ಮೇಲೆ ಜಾರಿತು. "ಫ್ಯೂಸು. ಬಾಗಿಲು." ಅವಳು ಇನ್ನಷ್ಟು ಹತ್ತಿರ ಬಗ್ಗಿದಳು. ಕೊನೆಯ ಚೌಕಕ್ಕೆ ಬಂದಾಗ ಅಪ್ಪನ ಮುಖ ಅರಳಿತು.

"ಇವನನ್ನ ಕೇಳು! ಎಷ್ಟು ನೀಟಾಗಿ ಬರ್ದಿದಾನೆ ನೋಡು. ಇವನಿಗೆ ಗೊತ್ತಿಲ್ಲದ್ದು ಇರಲ್ಲ."

"ಅದು ನೀನೇ ಅಪ್ಪಾ."

ಅಪ್ಪ ನಕ್ಕುಬಿಟ್ಟ. "ನಾನೆಲ್ಲಿ, ಅವನೆಲ್ಲಿ! ಬೇಗ ಹೋಗಮ್ಮ, ಊಟಕ್ಕೆ ಎದ್ದುಬಿಡ್ತಾನೆ."

ಅವಳು ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಅಪ್ಪ ಮತ್ತೆ ಗುಂಡಿ ಹಾಕತೊಡಗಿದ. ಅಷ್ಟರಲ್ಲಿ ಮಾಲೀಕರ ಫೋನ್ ಬಂತು.

"ಮೇಸ್ತ್ರಿ ಸಿಕ್ಕಿದ್ರಾ?"

ಅವಳು ಅಪ್ಪನನ್ನೇ ನೋಡುತ್ತ, "ಇಲ್ಲ ಸರ್, ಸಿಗಲಿಲ್ಲ" ಎಂದಳು.