ಎಡಗಡೆಯ ಕೋರೆಹಲ್ಲು

ಆ ವಾರ ಹಲ್ಲಿನ ಡಾಕ್ಟರಮ್ಮನ ಬಳಿ ಬಂದ ಮೂವರೂ ಬಸ್ ರಿಪೇರಿ ಗ್ಯಾರೇಜಿನವರು. ಮೂವರೂ ಕೀಳಿಸಬೇಕೆಂದು ತೋರಿಸಿದ್ದು ಒಂದೇ ಹಲ್ಲು, ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು. ಎಕ್ಸ್‌ರೇಯಲ್ಲಿ ಯಾವ ಹುಳುಕೂ ಕಾಣಲಿಲ್ಲ.

"ಕಲ್ಲಿನ ಹಾಗಿದೆ. ಇದನ್ನ ಕೀಳಲ್ಲ," ಎಂದು ಅವಳು ಮೂವರನ್ನೂ ಕಳಿಸಿದಳು.

ಎರಡು ದಿನ ಬಿಟ್ಟು ಅವರೇ ಬಂದರು, ಒಸಡಿಗೆ ಹೊಲಿಗೆ ಹಾಕಿಸಿಕೊಳ್ಳಲು. ಗ್ಯಾರೇಜಿನ ಇಕ್ಕಳದಿಂದ ಒಬ್ಬರದನ್ನೊಬ್ಬರು ಕಿತ್ತುಕೊಂಡಿದ್ದರು.

ನಾಲ್ಕನೆಯವನಾಗಿ ಬಂದವನು ಅವಳ ತಮ್ಮ. ಅವನೂ ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್.

"ದೊಡ್ಡಣ್ಣಂಗೆ ಆ ಹಲ್ಲು ಹೋಗಿದ್ದು ನನ್ನಿಂದ ಅಕ್ಕ," ಎಂದ.

ದೊಡ್ಡಣ್ಣನೆಂದರೆ ಅಲ್ಲಿನ ಹಿರಿಯ ಮೆಕ್ಯಾನಿಕ್. ಹಿಂದಿನ ತಿಂಗಳು ಎದುರು ಗ್ಯಾರೇಜಿನವರ ಜೊತೆ ಹೊಡೆದಾಟವಾದಾಗ, ತಮ್ಮನ ತಲೆಗೆ ಬೀಸಿದ ಸ್ಪ್ಯಾನರಿಗೆ ಅಡ್ಡ ನಿಂತು ಬಾಯಿ ಒಡೆಸಿಕೊಂಡಿದ್ದ.

"ಅದಕ್ಕೆ ಕೈಮುಗಿದು ಬಾ. ಒಂದು ಅಂಗಿ ಹೊಲಿಸಿಕೊಡು. ಹಲ್ಲು ಕೊಡ್ತಾರೇನೋ ಯಾರಾದ್ರೂ?"

ಅವನು ನಗಲಿಲ್ಲ. "ಅಣ್ಣ ಮಾತಾಡಿದ್ರೆ ನನ್ನ ಬಾಯೊಳಗೆ ಗಾಳಿ ಆಡ್ದಂಗಾಗುತ್ತೆ. ಈ ಹಲ್ಲು ನಂದಲ್ಲ ಅನ್ಸುತ್ತೆ. ನೀನು ಕೀಳ್ದಿದ್ರೆ ಅವ್ರು ಕೀಳ್ತಾರೆ."

ಇಕ್ಕಳ ನೆನೆದು ಅವಳು ಒಪ್ಪಿದಳು. ಇಂಜೆಕ್ಷನ್ ಬೇಡವೆಂದು ಅವನು ಹಟ ಹಿಡಿದ. ಹಲ್ಲು ಬೇರಿನಿಂದ ಕಳಚುವಾಗಲೂ ಅವನ ಅಂಗೈಗಳು ತೊಡೆಯ ಮೇಲೆ ಸಡಿಲವಾಗಿ ತೆರೆದೇ ಇದ್ದವು. ಬೆವರಿದ್ದು ಅವಳು.

ತಿಂಗಳೊಳಗೆ ಗ್ಯಾರೇಜಿನ ಹನ್ನೊಂದು ಜನರ ಬಾಯಲ್ಲೂ ಅದೇ ಕಿಂಡಿ.

ಒಂದು ಮಧ್ಯಾಹ್ನ ದೊಡ್ಡಣ್ಣ ಒಬ್ಬನೇ ಬಂದು ಬಾಗಿಲು ಮುಚ್ಚಿದ. "ಮಗಳ ಮದುವೆ ಮಾತುಕತೆ ಇದೆ ಡಾಕ್ಟ್ರೇ. ಒಂದು ಹಲ್ಲು ಕಟ್ಟಿಕೊಡಿ."

"ನಿಮ್ಮ ಹುಡುಗರು ಏನಂತಾರೆ?"

"ಕಿತ್ಕೊಳ್ಳಿ ಅಂತ ನಾನು ಯಾರಿಗೂ ಹೇಳ್ಲಿಲ್ಲ." ಅವನು ದನಿ ತಗ್ಗಿಸಿದ. "ಮೊದ್ಲು ಹೆಮ್ಮೆ ಅನ್ಸ್ತು. ಈಗ ನಾನು ಕೆಮ್ಮಿದ್ರೆ ಹನ್ನೊಂದು ಜನಾನೂ ಕೆಮ್ತಾರೆ. ಊಟಕ್ಕೆ ಕೂತ್ರೆ ನಾನು ಅಗಿಯೋ ತನಕ ಯಾರೂ ಅಗಿಯಲ್ಲ."

ಅಕ್ಕಪಕ್ಕದ ಹಲ್ಲುಗಳ ಆಸರೆಗೆ ಅವಳು ಹೊಸ ಹಲ್ಲು ಕಟ್ಟಿಕೊಟ್ಟಳು.

ಮೂರನೆಯ ದಿನ ಹನ್ನೊಂದು ಜನರೂ ಅವನನ್ನು ನಡೆಸಿಕೊಂಡು ಬಂದರು. ಬಾಯಿಗೆ ಒತ್ತಿದ್ದ ಟವೆಲ್ ತೊಯ್ದು ಹೋಗಿತ್ತು. ಕಟ್ಟಿದ ಹಲ್ಲಿನ ಜೊತೆ ಆಸರೆಯ ಎರಡು ಹಲ್ಲುಗಳೂ ಕಿತ್ತುಬಂದಿದ್ದವು.

"ನಾವೇ ಹಿಡ್ಕೊಂಡು ಕಿತ್ವಿ ಅಕ್ಕ," ತಮ್ಮ ಮೆಲ್ಲಗೆ ಹೇಳಿದ, ಕಾಯಿಲೆಯವರ ಪಕ್ಕ ಕೂತು ಮಾತಾಡುವವನಂತೆ. "ಪಾಪ, ಅಣ್ಣ ನಮ್ಮನ್ನ ಬಿಟ್ಟು ಹೋಗ್ತಿದ್ರು."

"ಅವರಿಗೋಸ್ಕರ ಪ್ರಾಣಾನೇ ಕೊಡ್ತೀನಿ ಅಂತಿದ್ದೆಯಲ್ಲೋ?"

"ಈಗ್ಲೂ ಕೊಡ್ತೀನಿ."

ಅದು ಬಾಯಿಮಾತಲ್ಲವೆಂದು ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಅವಳು ಒಳಕೋಣೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದಳು.

ಇನ್ಸ್‌ಪೆಕ್ಟರ್ ಬಂದು ಯಾರು ಹೊಡೆದರೆಂದು ಕೇಳಿದ. ಹನ್ನೊಂದು ಜನರೂ ಸುತ್ತ ನಿಂತಿದ್ದರು. ದೊಡ್ಡಣ್ಣ ಒಬ್ಬೊಬ್ಬರನ್ನೇ ನೋಡಿದ.

"ಜಾರಿ ಬಿದ್ದೆ ಸಾರ್," ಎಂದ. "ಇವ್ರು ಒಳ್ಳೇ ಹುಡುಗ್ರು."

ತಮ್ಮ ಅವನ ಮೊಣಕೈ ಹಿಡಿದು, ಒಂದೊಂದೇ ಮೆಟ್ಟಿಲು ತೋರಿಸುತ್ತಾ ಕೆಳಗಿಳಿಸಿದ. ಆಮೇಲೆ ತಮ್ಮ ಮನೆಗೆ ಬರಲಿಲ್ಲ. ಗ್ಯಾರೇಜಿನಲ್ಲೇ ಮಲಗುತ್ತಾನಂತೆ, ದೊಡ್ಡಣ್ಣನ ಕೋಣೆಯ ಬಾಗಿಲಿಗೆ ಅಡ್ಡವಾಗಿ. ಅದು ಕಾವಲಿಗೋ ಅಥವಾ ದೊಡ್ಡಣ್ಣ ಹೊರಗೆ ಹೋಗದಿರಲೆಂದೋ ಎಂದು ತಾಯಿ ಅವಳನ್ನು ಕೇಳಿದಳು.