ಎರಡು ನಿಮಿಷ ಮೀರಿದ ಪೂಜೆ

ಕಲ್ಯಾಣದುರ್ಗದ ನೇಕಾರ ತಿಪ್ಪೇಸ್ವಾಮಿಯವರು ತಮ್ಮ ಮಗ್ಗಕ್ಕೆ ಕೂರಿಸಿದ ಹೊಸ ಪೆಟ್ಟಿಗೆಗೆ ದೇವರೆಂದರೆ ಆಗುವುದಿಲ್ಲ, ಪೂಜೆ ಮಾಡಿದರೆ ನಿಂತುಬಿಡುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಫೋನಿನಲ್ಲಿ ಆ ಮಾತು ಕೇಳಿ ಹಿಂದೂಪುರದ ವರ್ಕ್‌ಶಾಪಿನಲ್ಲಿದ್ದ ಬನಶ್ರೀಗೆ ನಗು ಬಂತು. ಪೆಟ್ಟಿಗೆಯೊಳಗಿನ ಪ್ರೋಗ್ರಾಮು ಬರೆದವಳು ಅವಳೇ. ದೇವರನ್ನು ಕಂಡರೆ ನಿಂತುಬಿಡು ಎಂದು ಅವಳು ಎಲ್ಲೂ ಬರೆದಿರಲಿಲ್ಲ.

"ನಗ್ಬ್ಯಾಡ ಕಣಮ್ಮ. ಶುಕ್ರವಾರ ಕದಿರಣ್ಣ ಬತ್ತಾನೆ, ಮಗ್ಗ ಬಿಚ್ಕೊಂಡು ಹೋಗಾಕೆ. ಅಷ್ಟ್ರೊಳಗೆ ನಿಮ್ ಪೆಟ್ಗೆ ನೀವು ಎತ್ಕೊಂಡು ಹೋಗ್ಬುಡಿ," ಎಂದು ಅವರು ಫೋನಿಟ್ಟರು. ಕದಿರಣ್ಣ ಹಳೇ ಮಗ್ಗ ಕೊಂಡು, ಮರ ಬೇರೆ ಕಬ್ಬಿಣ ಬೇರೆ ಮಾಡಿ ಮಾರುವವನು. ಅಂದು ಬುಧವಾರ. ಬನಶ್ರೀಯ ನಗು ಅಲ್ಲಿಗೇ ನಿಂತಿತು.

ಅದು ಎರಡು ಸಾವಿರದ ಒಂಬತ್ತು. ಸೀರೆಯ ಅಂಚಿಗೆ ಹೂಬಳ್ಳಿ ಎತ್ತಬೇಕಾದರೆ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಇರಬೇಕು. ಹೂವು ಬದಲಾದರೆ ಸರವೂ ಬದಲಾಗಬೇಕು, ಅದಕ್ಕೆ ಮೇಲೆ ಹತ್ತಬೇಕು. ಅರವತ್ತನಾಲ್ಕರ ತಿಪ್ಪೇಸ್ವಾಮಿ ಹಿಂದಿನ ವರ್ಷ ಹತ್ತಲು ಹೋಗಿ ಬಿದ್ದು ಮಂಡಿ ಮುರಿದುಕೊಂಡಿದ್ದರು. ಬನಶ್ರೀ ಕೆಲಸಕ್ಕಿದ್ದ ದಯಾನಂದ್ ಅವರ ವರ್ಕ್‌ಶಾಪು ಮಾಡಿದ ಪೆಟ್ಟಿಗೆಗೆ ರಟ್ಟಿನ ಹಂಗಿರಲಿಲ್ಲ. ಕೆಳಗೆ ಕೂತಲ್ಲೇ ಬಟನ್ ಒತ್ತಿದರೆ ಹೂವು ಬದಲಾಗುತ್ತಿತ್ತು. ಪೆಟ್ಟಿಗೆ ನಡೆದರೆ ಅವರು ನೇಕಾರರಾಗಿ ಉಳಿಯುತ್ತಿದ್ದರು, ಇಲ್ಲವಾದರೆ ಬೆಳುಗುಪ್ಪದ ಗೋಡೌನಿನಲ್ಲಿ ವಾಚ್‌ಮನ್ ಕೆಲಸ. ಕೂರುವ ಕುರ್ಚಿಯನ್ನೂ ನೋಡಿಕೊಂಡು ಬಂದಿದ್ದರಂತೆ.

ವರ್ಕ್‌ಶಾಪಿನ ಮೆಕ್ಯಾನಿಕ್ ಗಂಗಾಧರ ಎರಡು ಸಲ ಹೋಗಿ ಬಂದಿದ್ದ. ಸ್ವಿಚ್ ಹಾಕಿದ, ಪೆಡಲು ತುಳಿದ, ಎಳೆಗಳನ್ನು ಎತ್ತುವ ಹುಕ್ಕುಗಳು ಸಾಲಾಗಿ ಎದ್ದವು. ಅವರ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಬಂದು, "ಪೆಟ್ಟಿಗೆ ಕಲ್ಲುಗುಂಡು ಇದ್ದಂಗೈತೆ, ಮುದುಕಂಗೇ ಏನೋ ಆಗೈತೆ," ಎಂದು ವರದಿ ಒಪ್ಪಿಸಿದ್ದ.

ಗುರುವಾರ ಬೆಳಗಿನ ಮೊದಲ ಬಸ್ಸಿಗೇ ಬನಶ್ರೀ ಲ್ಯಾಪ್‌ಟಾಪು, ಕೇಬಲ್ಲು ಹಿಡಿದು ಹೊರಟಳು. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವಾಗ ಬಿಸಿಲು ಏರಿತ್ತು. ತಿಪ್ಪೇಸ್ವಾಮಿಯವರ ಹೆಂಡತಿ ಸರಸ್ವತಮ್ಮ ಬಾಗಿಲಲ್ಲೇ, "ರಾಮ್ಮಾ, ಕೂಚೋ," ಎಂದು ತೆಲುಗಿನಲ್ಲಿ ಕರೆದು, ಕೂತ ಮೇಲೆ ಕನ್ನಡದಲ್ಲಿ ಗಂಡನ ಮೇಲೆ ದೂರು ಹೇಳಿದರು. "ಮೂರು ದಿನದಿಂದ ಸರ್ಯಾಗಿ ಉಂಡಿಲ್ಲ ಕಣಮ್ಮ. ಮಗ್ಗದ ಮುಂದೆ ಕುಂತು ಅದನ್ನೇ ನೋಡ್ತಾರೆ."

ತಿಪ್ಪೇಸ್ವಾಮಿ ತಮ್ಮ ಸಾಕ್ಷಿ ಸಿದ್ಧವಾಗಿಟ್ಟುಕೊಂಡಿದ್ದರು. "ಹೋದ್ ತಿಂಗ್ಳು ನಮ್ ದಾಯಾದಿ ನಾರಪ್ಪ ತೀರ್ಕೊಂಡ. ಹತ್ತು ದಿನ ಸೂತ್ಕ. ದೀಪ ಇಲ್ಲ, ಊದ್ಗಡ್ಡಿ ಇಲ್ಲ. ಸೀರೆ ಕೊಡೋದಿತ್ತು, ಸುಮ್ನೆ ಕೂತು ನೇಯ್ದೆ. ಆ ಹತ್ತು ದಿನಾನೂ ನಿನ್ ಪೆಟ್ಗೆ ಒಂದು ತಪ್ಪು ಮಾಡ್ಲಿಲ್ಲ. ಸೂತ್ಕ ಕಳ್ದು ದೀಪ ಹಚ್ಚಿದ್ನೋ ಇಲ್ವೋ, ನಿಂತ್ಬುಡ್ತು. ಇದಕ್ಕೇನಂತೀಯ?"

ಗಂಗಾಧರ ಎರಡು ಸಲ ಬಂದು ಮಾಡದ ಪರೀಕ್ಷೆಯನ್ನು ಈ ಮನುಷ್ಯ ಸೂತಕದಲ್ಲಿ ಕೂತು ಮಾಡಿ ಮುಗಿಸಿದ್ದರು. ಬನಶ್ರೀ ದಯಾನಂದ್ ಅವರಿಗೆ ಫೋನ್ ಹಚ್ಚಿದಳು. ಅವರದು ಸುಲಭದ ಉಪಾಯ: ಪೂಜೆ ಮೊದಲು ಮಾಡಲಿ, ಸ್ವಿಚ್ ಆಮೇಲೆ ಹಾಕಲಿ. ಅದನ್ನು ಹೇಳಿದ್ದೇ ತಡ, ತಿಪ್ಪೇಸ್ವಾಮಿಯವರಿಗೆ ರೇಗಿತು.

"ಮಲ್ಗಿರೋರ್ಗೆ ಯಾರಾನ ಮಂಗಳಾರ್ತಿ ಎತ್ತುತಾರಾ? ಮೊದ್ಲು ಎಬ್ಬಿಸ್ಬೇಕು, ಆಮೇಕೆ ಕೈ ಮುಗೀಬೇಕು, ಆಮೇಕೆ ಕಾಲಿಡ್ಬೇಕು. ಎಷ್ಟು ಸಲ ಎಬ್ಬಿಸ್ತೀನೋ ಅಷ್ಟು ಸಲ. ನಮ್ಮಪ್ಪ ಕಲ್ಸಿದ್ದು ಹಂಗೆ. ಅದು ಬಿಟ್ಟು ನೇಯೋದಾದ್ರೆ ನಂಗೆ ಮಗ್ಗಾನೇ ಬ್ಯಾಡ."

ಪೆಟ್ಟಿಗೆ ನಿಂತಾಗಲೆಲ್ಲ ಸ್ವಿಚ್ ಆರಿಸಿ ಹಾಕಿ, ಮತ್ತೆ ಊದುಬತ್ತಿ ಹಚ್ಚಿ, ಮತ್ತೆ ನಿಂತದ್ದನ್ನು ಕಂಡು ಇವರು ಸೋತಿದ್ದು ಯಾಕೆಂದು ಬನಶ್ರೀಗೆ ಈಗ ಗೊತ್ತಾಯಿತು. "ತಾತ, ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನು ನೋಡ್ತೀನಿ," ಎಂದು ಪೆಟ್ಟಿಗೆಗೆ ಕೇಬಲ್ಲು ಚುಚ್ಚಿ ಪಕ್ಕದಲ್ಲಿ ಕೂತಳು.

ತಿಪ್ಪೇಸ್ವಾಮಿ ಸ್ವಿಚ್ ಹಾಕಿದರು. ಪೆಟ್ಟಿಗೆಯಲ್ಲಿ ಉಗುರಿನಷ್ಟಗಲದ ಪವರ್ ಚಿಪ್ಪೊಂದಿತ್ತು. ಬ್ಯಾಟರಿಯ ಕರೆಂಟನ್ನು ಹಂಚಿ, ಪ್ರೊಸೆಸರಿಗೆ ಇಷ್ಟು ವೋಲ್ಟು, ಮೆಮೊರಿಗೆ ಇಷ್ಟು, ಹುಕ್ಕುಗಳಿಗೆ ಇಷ್ಟು ಎಂದು ಬೇರೆ ಬೇರೆ ಲೈನಿನಲ್ಲಿ ಬಡಿಸುವುದು ಅದರ ಕೆಲಸ. ಅದಕ್ಕೆ ಅಪ್ಪಣೆ ಕೊಡುವುದು ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಮ್. ಯಾವ ಲೈನು ಯಾರ್‍ಯಾರಿಗೆ ಬೇಕು ಎನ್ನುವ ಪಟ್ಟಿಯನ್ನು ಬನಶ್ರೀ ಬರೆದಿಟ್ಟಿದ್ದಳು. ಸಿಸ್ಟಮ್ ಎದ್ದು ಎರಡು ನಿಮಿಷದೊಳಗೆ ಪಟ್ಟಿಯಲ್ಲಿರುವ ಯಾರೂ ಕೇಳದ ಲೈನನ್ನು ಅದು ಮುಚ್ಚಿಬಿಡುತ್ತಿತ್ತು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಬ್ಯಾಟರಿ ಉಳಿಯಬೇಕಲ್ಲ.

ತಿಪ್ಪೇಸ್ವಾಮಿ ಮಗ್ಗದ ಮರಕ್ಕೆ ನೀರು ಚಿಮುಕಿಸಿ ಒರೆಸಿದರು. ಅರಿಸಿನ, ಕುಂಕುಮ. ಲಾಳಿಗೊಂದು ಹೂವು, ಪೆಟ್ಟಿಗೆಗೂ ಒಂದು. ಊದುಬತ್ತಿಗೆ ನಾಲ್ಕು ಕಡ್ಡಿ ಗೀರಬೇಕಾಯಿತು. ನಾಲ್ಕನೆಯ ಕಡ್ಡಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು: ಹುಕ್ಕಿನ ಲೈನು, ಬಳಸುವವರು ಯಾರೂ ಇಲ್ಲ, ಮುಚ್ಚಿದೆ. ಅವರು ಕರ್ಪೂರ ಬೆಳಗಿ, ಗಂಟೆ ಬಾರಿಸಿ, ಕಣ್ಣಿಗೆ ಒತ್ತಿಕೊಂಡು, ಮಗ್ಗದ ಕೆಳಗೆ ಕಾಲಿಡುವ ಗುಂಡಿಗೆ ಇಳಿದು ಪೆಡಲು ತುಳಿದರು. ಒಂದು ಹುಕ್ಕೂ ಏಳಲಿಲ್ಲ.

"ನೋಡ್ದೇನಮ್ಮ," ಎಂದರು.

ಪೆಡಲು ತುಳಿದೊಡನೆ ಹುಕ್ಕುಗಳು ಲೈನು ಕೇಳಬೇಕಿತ್ತು, ಒಮ್ಮೆ ಕೇಳಿದರೆ ಇಡೀ ದಿನ ಹಿಡಿದುಕೊಳ್ಳುತ್ತಿದ್ದವು. ಆದರೆ ಪೆಡಲು ತುಳಿದದ್ದನ್ನು ಹೇಳುವ ಪುಟ್ಟ ಸೆನ್ಸರೂ ಅದೇ ಲೈನಿನಿಂದಲೇ ಕರೆಂಟು ಕುಡಿಯುತ್ತಿತ್ತು. ಅದರ ಹೆಸರನ್ನೇ ಬನಶ್ರೀ ಪಟ್ಟಿಯಲ್ಲಿ ಬರೆದಿರಲಿಲ್ಲ. ಲೈನು ಮುಚ್ಚಿದ ಮೇಲೆ ಸೆನ್ಸರಿಗೇ ಕರೆಂಟಿಲ್ಲ, ಬಾಗಿಲು ತಟ್ಟಬೇಕಾದವನೇ ಒಳಗೆ ಸಿಕ್ಕಿಕೊಂಡಂತಾಗಿತ್ತು. ವರ್ಕ್‌ಶಾಪಿನ ಬೆಂಚಿನ ಮೇಲೆ ನೂರಾರು ಸಲ ಪರೀಕ್ಷೆ ಮಾಡಿದ್ದರು. ಯಾರೂ ಎರಡು ನಿಮಿಷ ಕಾದು ಪೆಡಲು ಒತ್ತಿರಲಿಲ್ಲ.

ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಅವಳಪ್ಪ ಓಬಳೇಶಪ್ಪನೂ ಹಿಂದೂಪುರದಲ್ಲಿ ಮಗ್ಗಕ್ಕೆ ಕೈ ಮುಗಿಯದೆ ಕಾಲಿಟ್ಟವನಲ್ಲ. ಆ ಮಂಗಳಾರತಿ ಮುಗಿಯುವ ತನಕ ತಿಂಡಿ ಸಿಗುವುದಿಲ್ಲವೆಂದು ಚಿಕ್ಕಂದಿನಲ್ಲಿ ಅವಳು ದಿನಾ ಗೊಣಗುತ್ತಿದ್ದಳು. ಪ್ರೋಗ್ರಾಮು ಬರೆಯಲು ಕೂತಾಗ ಅದೊಂದೂ ನೆನಪಾಗಲಿಲ್ಲ.

"ದೇವ್ರುದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ ತಾತ. ನಾನೇ ಒಂದು ಹೆಸ್ರು ಬರೆಯೋದು ಮರ್ತ್‌ಬುಟ್ಟಿದ್ದೆ," ಎಂದಳು.

ಪಟ್ಟಿಗೆ ಸೇರಿಸಿದ್ದು ಒಂದೇ ಸಾಲು. ಹುಕ್ಕಿನ ಲೈನು ಪೆಡಲಿನ ಸೆನ್ಸರಿಗೂ ಬೇಕು, ಎದ್ದ ಗಳಿಗೆಯಿಂದಲೇ ಬೇಕು. ಹೊಸ ಪ್ರೋಗ್ರಾಮು ತುಂಬಿಸಿ, "ಈಗ ಇನ್ನೊಂದು ಸಲ ಎಬ್ಬಿಸಿ," ಎಂದಳು.

ತಿಪ್ಪೇಸ್ವಾಮಿ ಸ್ವಿಚ್ ಹಾಕಿದರು. ನೀರು, ಅರಿಸಿನ, ಕುಂಕುಮ, ಹೂವು, ಎಲ್ಲ ಮೊದಲಿಂದ. ಬೆಳಗಿದ್ದು ಮುಗಿದರೂ ಗುಂಡಿಗೆ ಇಳಿಯಲಿಲ್ಲ. ಕೈ ತೊಳೆದು ಬಂದರು. ಕಾಫಿ ಕೇಳಿದರು. ಲೋಟ ಹಿಡಿದು, ಪೆಟ್ಟಿಗೆಯನ್ನೇ ನೋಡುತ್ತ, ಗುಟುಕು ಗುಟುಕಾಗಿ ಕುಡಿದರು.

"ಸಾಕು ಇಳೀರಿ, ಆ ಮಗು ಊರಿಗೆ ಹೋಗೋದು ಬ್ಯಾಡ್ವಾ?" ಎಂದು ಸರಸ್ವತಮ್ಮ ಗದರಿದರು.

ಅವರು ಇಳಿದರು. ಮುರಿದು ಕೂಡಿದ ಕಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ತುಳಿದರು. ಹುಕ್ಕುಗಳೆಲ್ಲ ಸರಕ್ಕನೆ ಎದ್ದವು, ಹಾಸಿನ ಎಳೆಗಳು ಲಾಳಿ ಹಾಯಲು ಬಾಯಿ ಬಿಟ್ಟವು. ಅವರು ಕಣ್ಣು ತೆರೆದು ಲಾಳಿ ಹೊಡೆದರು, ಮತ್ತೆ ತುಳಿದರು, ಮತ್ತೆ ಹೊಡೆದರು. ಅಂಚಿನಲ್ಲಿ ಅರ್ಧಕ್ಕೆ ನಿಂತಿದ್ದ ಜರಿಯ ಮೊಗ್ಗು ಎಳೆ ಎಳೆಯಾಗಿ ಮೇಲೆ ಬಂತು.

ಒಂದು ಹೂವು ಪೂರ್ತಿಯಾಯಿತು. ಆಮೇಲೆ ತಿಪ್ಪೇಸ್ವಾಮಿ ಲಾಳಿಯಿಂದ ಕಣ್ಣು ಕೀಳದೆ ಹೇಳಿದರು.

"ಕದಿರಣ್ಣಂಗೆ ಒಂದು ಫೋನ್ ಮಾಡಮ್ಮ. ನಾಳೆ ಬರೋದು ಬ್ಯಾಡ, ನಾನು ಕೆಲ್ಸದಾಗಿದ್ದೀನಿ ಅಂತ ಹೇಳು."